ಮುಳ್ಳು ನಡುವೆಯೇ ಇತ್ತು

"ರೋಟರಿ ಕಾರಾ? ಅಯ್ಯೋ, ಅದು ಬಿಸಿ ಆಗತ್ತೆ ಬಿಡಿ."

ನನ್ನ ಹತ್ತಿರ ಹಳೇ ಆರ್‌ಎಕ್ಸ್-7 ಇದೆ ಅಂದ ಕೂಡಲೇ ಬರುವ ಮಾತು ಇದು. ಹೇಳುವವರಲ್ಲಿ ಮುಕ್ಕಾಲು ಪಾಲು ಜನ ಆ ಎಂಜಿನ್ನನ್ನು ಹತ್ತಿರದಿಂದ ನೋಡಿದವರಲ್ಲ. ಆದರೂ ಹೇಳುವ ಧಾಟಿ ನೋಡಬೇಕು, ಹುಡುಗನ ಜಾತಕ ಬಿಡಿಸಿ "ಕುಜದೋಷ ಇದೆಯಲ್ಲ" ಅಂತ ಕನ್ನಡಕ ಸರಿಮಾಡಿಕೊಳ್ಳುವ ಹಾಗೆ. ದೋಷ ಇದೆ, ಪರಿಹಾರಕ್ಕೆ ಒಂದಿಷ್ಟು ದುಡ್ಡು ಸುರೀರಿ, ಆಮೇಲೂ ಏನಾದರೂ ಆದರೆ ಹಣೆಬರಹ.

ನನ್ನ ತಕರಾರು ಇರೋದು ಈ ಹಣೆಬರಹದ ಮೇಲೆ. ಹಳೇ ರೋಟರಿ ಕಾರು ಕಾಯುತ್ತೆ, ನಿಜ. ನನ್ನದೇ ಕಾರು ಕಾದು ಒಂದು ಇಡೀ ಎಂಜಿನ್ ಹೋಗಿದೆ. ಆದರೆ ಪ್ರತಿ ಸಲ ಕಾಯೋದಕ್ಕೂ ಒಂದು ಕಾರಣ ಇರುತ್ತೆ. ಬಹಳ ಸಲ ಅದು ಒಂದು ರಬ್ಬರಿನ ತುಂಡು, ಇಲ್ಲಾ ಒಂದು ಪ್ಲಾಸ್ಟಿಕ್ಕಿನ ಹಾಳೆ. ಅದನ್ನು ಹುಡುಕೋಕೆ ನಮಗೆ ಪುರುಸೊತ್ತಿಲ್ಲ, ದೊಡ್ಡ ರೇಡಿಯೇಟರ್ ಆರ್ಡರ್ ಮಾಡೋಕೆ ಮಾತ್ರ ರಾತ್ರಿ ಒಂದು ಗಂಟೆಗೂ ಪುರುಸೊತ್ತಿರುತ್ತೆ. ಸರ್ವರ್ ನಿಧಾನ ಆದಾಗ ಎಲ್ಲಿ ಸೋರ್ತಿದೆ ಅಂತ ನೋಡದೆ ಇನ್ನೆರಡು ಸರ್ವರ್ ಸೇರಿಸಿ ಮನೆಗೆ ಹೋಗುವ ಜನ ನಾವು. ಕಾರಿನ ವಿಷಯದಲ್ಲೂ ಅದೇ ಬುದ್ಧಿ.

ಮೊದಲು ನನ್ನ ಪ್ರಕರಣ ಹೇಳಿಬಿಡ್ತೀನಿ. ಕಾರು 1993ರದ್ದು, ಮೂರನೇ ತಲೆಮಾರಿನ ಆರ್‌ಎಕ್ಸ್-7, ಎಫ್‌ಡಿ ಅಂತಾರಲ್ಲ ಅದು. ಜಪಾನಿನಲ್ಲಿ 1991ರಿಂದ 2002ರವರೆಗೆ ತಯಾರಾಯಿತು, ಅಮೆರಿಕಕ್ಕೆ ಬಂದದ್ದು 1993ರಿಂದ 95ರ ಮಾದರಿಗಳು ಮಾತ್ರ. ಎರಡು ರೋಟರ್, ಒಂದೊಂದು 654 ಸಿಸಿ, ಒಟ್ಟು 1308. ಮೇಲೆ ಎರಡು ಟರ್ಬೊ. ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಕೊಂಡಾಗಲೇ ಟ್ರಾಫಿಕ್ಕಿನಲ್ಲಿ ಸ್ವಲ್ಪ ಬಿಸಿ ಅನ್ನಿಸುತ್ತಿತ್ತು. ಒಂದು ವರ್ಕ್‌ಶಾಪಿನವರು ದಪ್ಪ ಅಲ್ಯುಮಿನಿಯಂ ರೇಡಿಯೇಟರ್ ಹಾಕಿಸಿ ಅಂದರು. ಹಾಕಿಸಿದೆ. ಹಾಕಿಸಿದ ಮೇಲೆ ಎಲ್ಲ ಸರಿಹೋಯಿತು ಅಂತ ನಂಬಿದೆ, ಯಾಕಂದ್ರೆ ಮೀಟರ್ ಬೋರ್ಡಿನಲ್ಲಿ ಟೆಂಪರೇಚರ್ ಮುಳ್ಳು ಸರಿಯಾಗಿ ನಡುವೆ ನಿಂತಿತ್ತು. ಅದಕ್ಕೂ ಮೊದಲು ಕೂಡ ನಡುವೆಯೇ ನಿಂತಿತ್ತು ಅನ್ನೋದು ಆಗ ತಲೆಗೆ ಹೋಗಲಿಲ್ಲ.

ಆಗಸ್ಟ್ ತಿಂಗಳು. ಹೈವೇ 5ರಲ್ಲಿ ದಕ್ಷಿಣಕ್ಕೆ, ಲಾಸ್ ಏಂಜಲೀಸ್ ಕಡೆ ಹೊರಟಿದ್ದೆ. ಸೆಂಟ್ರಲ್ ವ್ಯಾಲಿಯ ಚಪ್ಪಟೆ ಬಯಲು ಮುಗಿದ ಕೂಡಲೇ ಗ್ರೇಪ್‌ವೈನ್ ಅನ್ನುವ ಏರು ಸಿಗುತ್ತೆ, ತೇಹೋನ್ ಕಣಿವೆದಾರಿ ತಲುಪುವ ಹೊತ್ತಿಗೆ 1,200 ಮೀಟರಿಗಿಂತ ಮೇಲೆ ಹತ್ತಿರುತ್ತೀರಿ. ಎಂಜಿನ್ ಕಾಯಬಾರದು ಅಂದರೆ ಎಸಿ ಆಫ್ ಮಾಡಿ ಅಂತ ರಸ್ತೆ ಪಕ್ಕದಲ್ಲೇ ಬೋರ್ಡು ಹಾಕಿದ್ದಾರೆ. ನಾನು ಬೋರ್ಡು ಓದಿದೆ, ಮುಳ್ಳು ನೋಡಿದೆ, ನಡುವೆ ಇದೆ ಅಂತ ಎಸಿ ಆಫ್ ಮಾಡಲಿಲ್ಲ. ಅರ್ಧ ಹತ್ತಿದ ಮೇಲೆ ಏನೋ ಸಿಹಿ ವಾಸನೆ. ಪಕ್ಕದ ಲಾರಿಯದ್ದಿರಬೇಕು ಅಂದುಕೊಂಡೆ. ಆಮೇಲೆ ಮುಳ್ಳು ಎದ್ದಿತು. ನಿಧಾನಕ್ಕೆ ಏರಲಿಲ್ಲ, ಒಮ್ಮೆಲೇ ಎದ್ದು ಮೇಲಿನ ಕೊನೆಗೆ ಹೋಗಿ ಅಂಟಿಕೊಂಡಿತು. ಕಾರು ಪಕ್ಕಕ್ಕೆ ಹಾಕುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಹಬೆ ಬರುತ್ತಿತ್ತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಇಷ್ಟು ಯಾಕೆ ಕೂಗಾಡ್ತಿದ್ದಾನೆ ಅನ್ನಿಸುತ್ತೆ. ಮಾಮೂಲಿ ಎಂಜಿನ್ ಕಾದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತೆ, ಹೆಡ್ ಬಿಚ್ಚಿ ಹೊಸದು ಹಾಕಬಹುದು. ರೋಟರಿಗೆ ಹೆಡ್ಡೇ ಇಲ್ಲ. ಇಡ್ಲಿ ಸ್ಟ್ಯಾಂಡಿನ ತಟ್ಟೆಗಳ ಹಾಗೆ ಐದು ಭಾಗಗಳನ್ನು ಒಂದಕ್ಕೊಂದು ಒತ್ತಿ ಜೋಡಿಸಿ, ಉದ್ದದ ಬೋಲ್ಟುಗಳಿಂದ ಬಿಗಿದಿರುತ್ತಾರೆ: ಎರಕದ ಕಬ್ಬಿಣ, ಅಲ್ಯುಮಿನಿಯಂ, ಕಬ್ಬಿಣ, ಅಲ್ಯುಮಿನಿಯಂ, ಕಬ್ಬಿಣ. ನೀರು ಹರಿಯುವ ದಾರಿಗೂ ಬೆಂಕಿ ಉರಿಯುವ ಜಾಗಕ್ಕೂ ನಡುವೆ ಇರೋದು ತೆಳ್ಳನೆಯ ಸೀಲ್ ಬಳೆಗಳು. ಬಿಸಿಯಾದಾಗ ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಜಾಸ್ತಿ ಹಿಗ್ಗುತ್ತೆ. ಮಿತಿ ಮೀರಿ ಹಿಗ್ಗಿದರೆ ಸೀಲು ಜಜ್ಜಿಹೋಗುತ್ತೆ, ತಣ್ಣಗಾದ ಮೇಲೆ ವಾಪಸ್ ಏಳಲ್ಲ. ಆಮೇಲೆ ರಾತ್ರಿಯೆಲ್ಲ ಕೂಲಂಟ್ ಹನಿ ಹನಿಯಾಗಿ ಒಳಗೆ ಇಳಿಯುತ್ತೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆಯ ಮೋಡ. ಸರಿಮಾಡಬೇಕು ಅಂದರೆ ಎಂಜಿನ್ನನ್ನು ಕಾರಿನಿಂದ ಇಳಿಸಿ ಪೂರ್ತಿ ಬಿಚ್ಚಬೇಕು. ಸಾವಿರಗಟ್ಟಲೆ ಡಾಲರ್ ಲೆಕ್ಕ, ಅದೂ ರೋಟರಿ ಬಲ್ಲವರು ಸಿಕ್ಕರೆ.

ಇನ್ನೊಂದು ತೊಂದರೆ ಹುಟ್ಟಿನಿಂದಲೇ ಬಂದದ್ದು. ಪಿಸ್ಟನ್ ಎಂಜಿನ್ನಿನಲ್ಲಿ ತಣ್ಣನೆಯ ಗಾಳಿ ಬರೋದೂ ಬೆಂಕಿ ಹತ್ತೋದೂ ಒಂದೇ ಸಿಲಿಂಡರಿನಲ್ಲಿ, ಒಂದರ ಕಾವು ಇನ್ನೊಂದು ಇಳಿಸುತ್ತೆ. ರೋಟರಿಯಲ್ಲಿ ಗಾಳಿ ಬರುವ ಪಕ್ಕ ಯಾವಾಗಲೂ ತಂಪು, ಪ್ಲಗ್ಗುಗಳಿರುವ ಪಕ್ಕ ಯಾವಾಗಲೂ ಸುಡು. ಅದಕ್ಕೇ ಇದಕ್ಕೆ ಕೂಲಿಂಗ್ ಅನ್ನೋದು ಪ್ರಾಣದ ಪ್ರಶ್ನೆ. "ರೋಟರಿ ಅಂದ್ರೆ ಹಾಗೇ" ಅನ್ನುವವರು ಅರ್ಧ ಸತ್ಯ ಹೇಳ್ತಾರೆ. ಉಳಿದರ್ಧ ಏನಂದರೆ, ಇದೇ ಬಗೆಯ ನಾಲ್ಕು ರೋಟರಿನ ಎಂಜಿನ್ ಹೊತ್ತ ಮಜ್ದಾ 787ಬಿ 1991ರಲ್ಲಿ ಲೆ ಮಾನ್ಸ್‌ನಲ್ಲಿ 24 ಗಂಟೆ ಓಡಿ, 362 ಸುತ್ತು ಹಾಕಿ ಗೆದ್ದಿತು. ಒಂದಿಡೀ ಹಗಲು, ಒಂದಿಡೀ ರಾತ್ರಿ. ಆ ಎಂಜಿನ್ನಿಗೆ ಕುಜದೋಷ ಇರಲಿಲ್ಲವೇ?

ಈಗ ಆ ಮುಳ್ಳಿನ ವಿಷಯಕ್ಕೆ ಬರ್ತೀನಿ. ನಿಜವಾದ ಜಗಳ ಇರೋದೇ ಅಲ್ಲಿ.

ಎಫ್‌ಡಿಯ ಟೆಂಪರೇಚರ್ ಗೇಜು ಅಳತೆಯ ಸಾಧನ ಅಲ್ಲ, ಸಮಾಧಾನದ ಸಾಧನ. ಎಂಜಿನ್ ಹದಕ್ಕೆ ಬಂದ ಮೇಲೆ ಮುಳ್ಳು ನಡುವೆ ನಿಲ್ಲುತ್ತೆ, ಆಮೇಲೆ ನೀರಿನ ಬಿಸಿ ಎಷ್ಟೋ ಡಿಗ್ರಿ ಏರಿದರೂ ಕದಲೋದೇ ಇಲ್ಲ. ಕದಲುವ ಹೊತ್ತಿಗೆ ನಿಮ್ಮ ಕೈಯಲ್ಲಿ ಮಾಡೋಕೆ ಏನೂ ಉಳಿದಿರಲ್ಲ. ಹೀಗೆ ಬೇಕೆಂದೇ ಮಾಡಿದ್ದು, ಕೆಟ್ಟು ಹಾಗಾದದ್ದಲ್ಲ. ಮುಳ್ಳು ಅತ್ತಿತ್ತ ಆಡಿದರೆ ಕೊಂಡವರು ಗಾಬರಿಯಾಗಿ ಶೋರೂಮಿಗೆ ಓಡಿಬರ್ತಾರೆ, ಅದಕ್ಕೇ ಎಷ್ಟೋ ಕಂಪನಿಗಳು ಗೇಜನ್ನು ಹೀಗೆ ಮಂಕು ಮಾಡಿಟ್ಟಿವೆ. ಈಗಂತೂ ಆ ನಾಟಕವೂ ಬೇಡ ಅಂತ ಮುಳ್ಳನ್ನೇ ಕಿತ್ತುಹಾಕಿದ್ದಾರೆ. ಬೆಂಗಳೂರಲ್ಲಿ ನೀವು ಓಡಿಸುವ ಹ್ಯಾಚ್‌ಬ್ಯಾಕ್ ಒಮ್ಮೆ ನೋಡಿ: ತಣ್ಣಗಿದ್ದರೆ ನೀಲಿ ದೀಪ, ಕಾದರೆ ಕೆಂಪು ದೀಪ, ನಡುವಿನದೆಲ್ಲ ನಿಮಗೆ ಸಂಬಂಧವಿಲ್ಲದ ವಿಷಯ. ಹೊಸ ಕಾರಿಗೆ ಅದು ನಡೆಯಬಹುದು. ಮೂವತ್ತು ವರ್ಷದ ರಬ್ಬರ್ ಪೈಪು ಹೊತ್ತ ರೋಟರಿಗೆ ನಡೆಯಲ್ಲ.

ಚಾರ್ಮಾಡಿ ಘಾಟಿಯಲ್ಲಿ ಅಂಬಾಸಿಡರ್ ನಿಲ್ಲಿಸಿ, ಬಾನೆಟ್ ತೆಗೆದು, ಬೀಡಿ ಮುಗಿಯುವ ತನಕ ಕಾದು, ಕ್ಯಾಪಿನ ಮೇಲೆ ಬಟ್ಟೆ ಹಾಕಿ ನಿಧಾನಕ್ಕೆ ತಿರುಗಿಸುತ್ತಿದ್ದ ಡ್ರೈವರುಗಳನ್ನು ನಮ್ಮಲ್ಲಿ ಕೆಲವರಾದರೂ ನೋಡಿದ್ದೇವೆ. ಅವರು ಗೇಜು ನೋಡಿ ನಿಲ್ಲಿಸುತ್ತಿರಲಿಲ್ಲ. ವಾಸನೆ, ಸದ್ದು, ಎಂಜಿನ್ ಎಳೆಯುವ ರೀತಿ, ಅಷ್ಟು ಸಾಕಿತ್ತು. ನಾನು ಅದೇ ಘಾಟಿಯಲ್ಲಿ ಹಿಂದಿನ ಸೀಟಿನಲ್ಲಿ ಕೂತು ಬೆಳೆದವನು. ಗ್ರೇಪ್‌ವೈನಿನಲ್ಲಿ ಕೂಲಂಟಿನ ಸಿಹಿ ವಾಸನೆ ಮೂಗಿಗೆ ಬಡಿದರೂ ಮುಳ್ಳನ್ನೇ ನಂಬಿದೆ. ಇದಕ್ಕೆ ಯಾರನ್ನೂ ಬೈಯುವ ಹಾಗಿಲ್ಲ.

ಗೇಜಿಗೆ ಇನ್ನೊಂದು ಮೋಸ ಇದೆ, ಇದು ಯಾವ ಕಾರಿಗಾದರೂ ಸರಿ. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನೀರಿನ ಬಿಸಿ ಹೇಳುತ್ತೆ. ನೀರು ಸೋರಿಹೋಗಿ ಸೆನ್ಸರಿನ ಸುತ್ತ ಬರೀ ಗಾಳಿ ಉಳಿದರೆ ಅದು ಕಮ್ಮಿ ತೋರಿಸಬಹುದು. ಅಂದರೆ ಪರಿಸ್ಥಿತಿ ತೀರಾ ಕೆಟ್ಟಾಗಲೇ ಅದು ಎಲ್ಲ ಕ್ಷೇಮ ಅನ್ನಬಹುದು. ಅದಕ್ಕೇ ನಾನು ಈಗ ಎರಡು ಹೊಸ ಗೇಜು ಹಾಕಿಸಿದ್ದೇನೆ, ಒಂದು ಡಿಗ್ರಿ ಅಂಕಿಯಲ್ಲಿ ತೋರಿಸೋದು, ಇನ್ನೊಂದು ಕೂಲಂಟಿನ ಒತ್ತಡ ತೋರಿಸೋದು. ಪೈಪ್ ಒಡೆದರೆ ಬಿಸಿ ಏರುವ ಮೊದಲೇ ಒತ್ತಡ ಬಿದ್ದಿರುತ್ತೆ. ರೇಡಿಯೇಟರಿಗೆ ಕೊಟ್ಟ ದುಡ್ಡಿನ ಮುಂದೆ ಇವೆರಡು ಏನೂ ಅಲ್ಲ.

ಹೊಸ ಎಂಜಿನ್ ಕೂರಿಸಿ, ಈ ಗೇಜುಗಳನ್ನು ಹಾಕಿ ಓಡಿಸಿದ ಮೊದಲ ವಾರವೇ ಗೊತ್ತಾಯಿತು, ದಪ್ಪ ರೇಡಿಯೇಟರ್ ಇದ್ದೂ ಹೈವೇಯಲ್ಲಿ ಬಿಸಿ ಏರುತ್ತಿದೆ. ಊರೊಳಗೆ ನಿಧಾನಕ್ಕೆ ಹೋದರೆ ಪರವಾಗಿಲ್ಲ, 110 ಕಿಲೋಮೀಟರ್ ವೇಗದಲ್ಲಿ ಏರುತ್ತೆ. ಇದು ತಲೆಕೆಳಗು. ವೇಗವಾಗಿ ಹೋದಾಗ ಗಾಳಿ ಜಾಸ್ತಿ ಸಿಗಬೇಕಲ್ಲ? ಕಾರಿನ ಕೆಳಗೆ ನುಸುಳಿ ನೋಡಿದೆ. ಮೂತಿಯ ಅಡಿಯಲ್ಲಿ ಇರಬೇಕಾದ ಪ್ಲಾಸ್ಟಿಕ್ ಅಂಡರ್‌ಟ್ರೇ ಇಲ್ಲ. ಎಲ್ಲಿ ಹೋಯಿತು? ನನ್ನದೇ ಗ್ಯಾರೇಜಿನ ಗೋಡೆಗೆ ಒರಗಿಕೊಂಡು ನಿಂತಿತ್ತು. ಎರಡು ವರ್ಷದ ಹಿಂದೆ ಆಯಿಲ್ ಬದಲಾಯಿಸುವಾಗ ನಾನೇ ಬಿಚ್ಚಿದ್ದೆ. ಬೋಲ್ಟುಗಳು ತುಕ್ಕು ಹಿಡಿದಿದ್ದವು, ಆಮೇಲೆ ಹಾಕಿದರಾಯಿತು ಅಂತ ಬಿಟ್ಟಿದ್ದೆ.

ಆ ಹಾಳೆ ಮಣ್ಣು ತಡೆಯೋಕೆ ಇರೋದು ಅಂತ ತಿಳಿದಿದ್ದೆ. ಎಫ್‌ಡಿಯ ಮೂತಿ ತೀರಾ ತಗ್ಗು, ರೇಡಿಯೇಟರ್ ಓರೆಯಾಗಿ, ಎಸಿ ಕಂಡೆನ್ಸರಿನ ಹಿಂದೆ ಕೂತಿರುತ್ತೆ. ಬಾಯಿಯಿಂದ ಬಂದ ಗಾಳಿಗೆ ರೇಡಿಯೇಟರಿನ ಸಣ್ಣ ಸಣ್ಣ ಕಿಂಡಿಗಳಲ್ಲಿ ತೂರುವುದಕ್ಕಿಂತ ಕೆಳಗಿನಿಂದ ಜಾರಿಹೋಗೋದು ಸುಲಭ. ಗಾಳಿ ಯಾವತ್ತೂ ಸುಲಭದ ದಾರಿಯನ್ನೇ ಹಿಡಿಯೋದು, ನಮ್ಮ ಹಾಗೇ. ಜೊತೆಗೆ ಕಾರಿನ ಅಡಿಯ ಗಾಳಿ ಎಂಜಿನ್ ಕೋಣೆಗೆ ನುಗ್ಗಿ ರೇಡಿಯೇಟರಿನ ಹಿಂದೆ ಒತ್ತಡ ಹೆಚ್ಚಿಸುತ್ತೆ, ಆಗ ಮುಂದಿನ ಗಾಳಿ ಒಳಗೇ ಬರಲ್ಲ. ದಪ್ಪ ರೇಡಿಯೇಟರ್ ಹಾಕಿದ್ದರಿಂದ ಗಾಳಿಗೆ ಇನ್ನಷ್ಟು ಅಡ್ಡಿ ಮಾಡಿದ್ದೆ, ಇನ್ನಷ್ಟು ಗಾಳಿ ಪಕ್ಕದಿಂದ ತಪ್ಪಿಸಿಕೊಂಡಿತು. ದುಡ್ಡು ಕೊಟ್ಟು ಸಮಸ್ಯೆಯನ್ನು ದೊಡ್ಡದು ಮಾಡಿಕೊಂಡಿದ್ದೆ. ಅಂಡರ್‌ಟ್ರೇ ವಾಪಸ್ ಹಾಕಿ, ರೇಡಿಯೇಟರಿನ ಅಂಚಿನ ಸಂದಿಗಳಿಗೆ ಸ್ಪಂಜಿನ ಪಟ್ಟಿ ಅಂಟಿಸಿದೆ. ಹೈವೇಯಲ್ಲಿ ಬಿಸಿ ಏರೋದು ನಿಂತಿತು.

ಆಮೇಲೆ ಕ್ಯಾಪ್. ಎಫ್‌ಡಿಯ ಕ್ಯಾಪ್ 0.9 ಬಾರ್ ಒತ್ತಡ ಹಿಡಿಯಬೇಕು. ಅಷ್ಟು ಒತ್ತಡ ಇದ್ದರೆ ಬರೀ ನೀರು ಕೂಡ 118 ಡಿಗ್ರಿ ಹತ್ತಿರದ ತನಕ ಕುದಿಯಲ್ಲ. ಕ್ಯಾಪಿನ ರಬ್ಬರ್ ಸತ್ತಿದ್ದರೆ 100ಕ್ಕೇ ಕುದಿಯುತ್ತೆ. ಈಗ ಇದನ್ನು ಫ್ಯಾನಿನ ಜೊತೆ ಸೇರಿಸಿ ನೋಡಿ: ಈ ಕಾರಿನಲ್ಲಿ ಫ್ಯಾನು ತಾನಾಗಿ ಶುರುವಾಗೋದೇ ಸುಮಾರು 105 ಡಿಗ್ರಿಗೆ. ಸತ್ತ ಕ್ಯಾಪ್ ಇಟ್ಟುಕೊಂಡು ಬರೀ ನೀರು ತುಂಬಿಸಿಕೊಂಡವನ ಕಾರಿನಲ್ಲಿ, ಫ್ಯಾನು ತಿರುಗುವ ಮೊದಲೇ ನೀರು ಕುದಿದು ಮುಗಿದಿರುತ್ತೆ. ಹಿಂದಿನ ತಲೆಮಾರಿನ ಆರ್‌ಎಕ್ಸ್-7ನ ಸ್ವಿಚ್ ತಂದು ಹಾಕಿದರೆ ಫ್ಯಾನು 95ರ ಆಸುಪಾಸಿನಲ್ಲೇ ಎದ್ದೇಳುತ್ತೆ, ಕೈಗೆಟಕುವ ಬೆಲೆ. ಹಾಗೇ ಕೂಲಂಟಿನಿಂದ ಗಾಳಿ ಬೇರ್ಪಡಿಸುವ ಪುಟ್ಟ ಪ್ಲಾಸ್ಟಿಕ್ ಟ್ಯಾಂಕ್ ಒಂದಿದೆ. ಮೂವತ್ತು ವರ್ಷ ಎಂಜಿನ್ ಕಾವಿನಲ್ಲಿ ಬೆಂದ ಆ ಪ್ಲಾಸ್ಟಿಕ್ ಯಾವ ಕ್ಷಣದಲ್ಲಾದರೂ ಬಿರುಕು ಬಿಡಬಹುದು, ಅದನ್ನು ಬದಲಾಯಿಸದೆ ಊರು ದಾಟಬೇಡಿ.

ಇನ್ನು ನಮ್ಮೂರಿನ ಪಂಡಿತರ ಸಲಹೆ. ರಜೆಗೆ ಬಂದಾಗ ಈ ಕತೆ ಹೇಳಿದರೆ ಒಬ್ಬರಲ್ಲ ಒಬ್ಬರು ಹೇಳೇ ಹೇಳ್ತಾರೆ: "ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಸಾರ್, ನಮ್ಮ ಬಿಸಿಲಿಗೆ ಅದ್ಯಾಕೆ?" ಹಳೇ ಅಂಬಾಸಿಡರಿಗೆ ಏನು ಮಾಡಿದಿರೋ ನನಗೆ ಗೊತ್ತಿಲ್ಲ. ಮಜ್ದಾದ 13ಬಿ ಎಂಜಿನ್ನಿನಲ್ಲಿ ಥರ್ಮೋಸ್ಟಾಟಿಗೆ ಎರಡು ಕೆಲಸ. 82 ಡಿಗ್ರಿಗೆ ಬಾಯಿ ತೆರೆದು ನೀರನ್ನು ರೇಡಿಯೇಟರಿನ ದಾರಿಗೆ ಬಿಡೋದು ಒಂದು. ಅದೇ ಹೊತ್ತಿಗೆ ತನ್ನ ಕೆಳಗಿನ ತಟ್ಟೆಯಿಂದ ಬೈಪಾಸ್ ದಾರಿಯನ್ನು ಮುಚ್ಚೋದು ಇನ್ನೊಂದು. ಕಿತ್ತುಹಾಕಿದರೆ ಬೈಪಾಸ್ ಸದಾ ತೆರೆದೇ ಇರುತ್ತೆ, ನೀರಿನ ಒಂದು ಪಾಲು ರೇಡಿಯೇಟರನ್ನು ಮುಟ್ಟದೆ ಎಂಜಿನ್ನಿನಲ್ಲೇ ಗಿರಕಿ ಹೊಡೆಯುತ್ತೆ. ತಂಪಾಗಲಿ ಅಂತ ಕಿತ್ತದ್ದು ಇನ್ನಷ್ಟು ಕಾಯಿಸುತ್ತೆ. ಆ ಕೆಳಗಿನ ತಟ್ಟೆ ಇಲ್ಲದ ಅಗ್ಗದ ಥರ್ಮೋಸ್ಟಾಟ್ ಹಾಕಿದರೂ ಅದೇ ಗತಿ.

ಹಾಗಾದರೆ ಏನು ನೋಡಬೇಕು? ಯಾವಾಗ ಕಾಯುತ್ತೆ ಅನ್ನೋದನ್ನು. ಸಿಗ್ನಲ್ಲಿನಲ್ಲಿ ನಿಂತಾಗ ಕಾದು, ಓಡಿದಾಗ ಇಳಿದರೆ ಫ್ಯಾನ್ ಕಡೆ ನೋಡಿ. ನಿಂತಾಗ ಸರಿಯಿದ್ದು ವೇಗದಲ್ಲಿ, ಏರಿನಲ್ಲಿ ಕಾದರೆ ಗಾಳಿಯ ದಾರಿ, ರೇಡಿಯೇಟರಿನ ಒಳಗಿನ ಕೊಳೆ, ಪಂಪಿನ ಬೆಲ್ಟು. ಸೋರಿಕೆ ಎಲ್ಲೂ ಕಾಣದೆ ನೀರು ಕಮ್ಮಿಯಾಗುತ್ತಾ ಇದ್ದರೆ, ಸ್ಟಾರ್ಟ್ ಮಾಡಿದ ಎರಡೇ ನಿಮಿಷಕ್ಕೆ ಪೈಪು ಕಲ್ಲಿನ ಹಾಗೆ ಗಟ್ಟಿಯಾದರೆ ಕೆಟ್ಟ ಸುದ್ದಿ, ಬೆಂಕಿಯ ಗ್ಯಾಸು ನೀರಿಗೆ ಸೇರುತ್ತಿದೆ. ಖಚಿತ ಮಾಡಿಕೊಳ್ಳೋಕೆ ನೀಲಿ ದ್ರವದ ಒಂದು ಸಣ್ಣ ಕಿಟ್ ಸಿಗುತ್ತೆ, ಕೂಲಂಟಿನ ಮೇಲಿನ ಗಾಳಿಯಲ್ಲಿ ಆ ಗ್ಯಾಸ್ ಇದ್ದರೆ ನೀಲಿ ಹೋಗಿ ಹಳದಿಯಾಗುತ್ತೆ. ಹಳದಿಯಾದರೆ ಜಗತ್ತಿನ ಯಾವ ರೇಡಿಯೇಟರೂ ನಿಮ್ಮನ್ನು ಉಳಿಸಲ್ಲ. ಆಯಿಲ್ ಮರೆಯಬೇಡಿ, ರೋಟರುಗಳ ಹೊಟ್ಟೆಯೊಳಗಿನ ಕಾವನ್ನು ಹೊತ್ತುತರೋದು ನೀರಲ್ಲ, ಆಯಿಲ್. ಅಮೆರಿಕದ 1993ರ ಎಫ್‌ಡಿಗಳಲ್ಲಿ ಆರ್1 ಅನ್ನುವ ಮಾದರಿಗೆ ಎರಡು ಆಯಿಲ್ ಕೂಲರ್ ಕೊಟ್ಟಿದ್ದರು, ಸಾಮಾನ್ಯ ಮಾದರಿಗೆ ಒಂದೇ. ನಿಮ್ಮದು ಯಾವುದು ಅಂತ ಬಗ್ಗಿ ನೋಡೋಕೆ ದುಡ್ಡು ಬೇಕಿಲ್ಲ.

"ಇಷ್ಟೆಲ್ಲ ತಲೆಬಿಸಿ ಯಾಕಪ್ಪಾ, ಎಲೆಕ್ಟ್ರಿಕ್ ತಗೋ" ಅನ್ನುವವರಿಗೆ ನನ್ನ ನಮಸ್ಕಾರ. ನಿಮ್ಮ ಜೊತೆ ನನಗೆ ಜಗಳವಿಲ್ಲ, ನೀವು ಕನಿಷ್ಠ ಪ್ರಾಮಾಣಿಕರು. ಈ ಎಂಜಿನ್ ಮೇಲೆ ಪ್ರೀತಿ ಇದೆ ಅಂತ ಹೇಳಿಕೊಂಡು, ಅದನ್ನು ಅರ್ಥ ಮಾಡಿಕೊಳ್ಳುವ ಕಷ್ಟ ಮಾತ್ರ ಬೇಡ ಅನ್ನುವವರ ಜೊತೆ ಇದೆ. 1960ರ ದಶಕದಲ್ಲಿ ಮಜ್ದಾದಲ್ಲಿ ಕೆನಿಚಿ ಯಾಮಾಮೊಟೊ ಮತ್ತು ಅವರ 47 ಎಂಜಿನಿಯರುಗಳ ತಂಡಕ್ಕೆ ಇದಕ್ಕಿಂತ ದೊಡ್ಡ ತಲೆನೋವಿತ್ತು. ರೋಟರಿನ ತುದಿಯ ಸೀಲು ಹೌಸಿಂಗಿನ ಗೋಡೆಯ ಮೇಲೆ ಅಲೆಅಲೆಯಾಗಿ ಗೀರು ಹಾಕುತ್ತಿತ್ತು, ಅದಕ್ಕೆ ಅವರು "ದೆವ್ವದ ಉಗುರಿನ ಗುರುತು" ಅಂತ ಹೆಸರಿಟ್ಟಿದ್ದರು. ಹೆಸರಿಗೆ ದೆವ್ವ ಅಂದರೇ ಹೊರತು ದೆವ್ವ ಬಿಡಿಸೋಕೆ ಹೋಗಲಿಲ್ಲ. ಸೀಲು ನಡುಗುವುದರಿಂದ ಹೀಗಾಗುತ್ತಿದೆ ಅಂತ ಕಂಡುಹಿಡಿದರು, ಸೀಲಿನ ಒಳಗೆ ಟೊಳ್ಳು ಕೊರೆದು ನಡುಕ ಬದಲಾಯಿಸಿ ನೋಡಿದರು, ಕೊನೆಗೆ ಕಾರ್ಬನ್ನಿಗೆ ಅಲ್ಯುಮಿನಿಯಂ ಕೂಡಿಸಿದ ಸೀಲು ಹಾಕಿ 1967ರಲ್ಲಿ ಕಾಸ್ಮೊ ಸ್ಪೋರ್ಟ್ ಮಾರಾಟಕ್ಕೆ ಬಿಟ್ಟರು. ಅಂಥವರು ಮಾಡಿಕೊಟ್ಟ ಎಂಜಿನ್ನಿಗೆ ನಾವು ಒಂದು ಕ್ಯಾಪ್ ಬಿಚ್ಚಿ ನೋಡದೆ "ಬಿಸಿ ಆಗತ್ತೆ ಬಿಡಿ" ಅಂತ ಪ್ರಮಾಣಪತ್ರ ಕೊಡ್ತೀವಿ.

ಹೋದ ತಿಂಗಳು ಸ್ಯಾಕ್ರಮೆಂಟೊದಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ಮಂಡ್ಯದ ಕಡೆಯವನು, ಹೊಸದಾಗಿ ಎಫ್‌ಡಿ ಕೊಂಡಿದ್ದಾನೆ.

"ಅಣ್ಣಾ, ಹೈವೇಲಿ ಸ್ವಲ್ಪ ಕಾಯ್ತದೆ. ಯಾವ ರೇಡಿಯೇಟರ್ ಹಾಕಿಸ್ಲಿ? ಎರಡು ಕಾರ್ಟಲ್ಲಿ ಇಟ್ಟಿವ್ನಿ."

"ಕಾರ್ಟು ಹಾಗೇ ಇರ್ಲಿ. ಕೆಳಗಡೆ ಅಂಡರ್‌ಟ್ರೇ ಇದ್ಯಾ?"

"ನೋಡ್ತೀನಿ ತಾಳಿ" ಅಂದ. ಗ್ಯಾರೇಜಿನ ಬಾಗಿಲು ಎದ್ದ ಸದ್ದು ಕೇಳಿಸಿತು, ಕಾಂಕ್ರೀಟಿನ ಮೇಲೆ ಮಲಗಿ ಒಳಗೆ ಜರುಗಿದ ಸದ್ದೂ. ಬಹಳ ಹೊತ್ತು ಮಾತಿಲ್ಲ.

"ಅಣ್ಣಾ, ಅಂಡರ್‌ಟ್ರೇ ಅಂದ್ರೆ ಯಾವ್ದು?"